ಹಂಚಿನ ಮನೆ ಸೋರುತ್ತಿದೆ: ಕೈಯಾಡಿಸಿದರೆ ಸಾಕಾ, ಶೀಟು ಹಾಕಿಸಬೇಕಾ?

ತೀರ್ಥಹಳ್ಳಿಯಿಂದ: ಅಜ್ಜ ಕಟ್ಟಿಸಿದ ಮನೆ. ಮಣ್ಣಿನ ಗೋಡೆ, ಹಂಚಿನ ಮಾಡು. ಹೋದ ಮಳೆಗಾಲದಲ್ಲಿ ಅಡುಗೆಮನೆಯ ಒಂದು ಮೂಲೆ ಮಾತ್ರ ಸೋರಿತು. ಎರಡು ಮಾಡು ಕೂಡುವ ದೋಣಿ ಅಲ್ಲೇ ಇದೆ. ಮಳೆ ಹಿಡಿಯಲು ಇನ್ನು ಆರು ವಾರ ಇದೆ. ಹಂಚು ಕೈಯಾಡಿಸಿದರೆ, ಅಂದರೆ ಒಡೆದದ್ದು ತೆಗೆದು ಸರಿಯಾಗಿ ಜೋಡಿಸಿದರೆ ಸಾಕಾ, ಪೂರ್ತಿ ಶೀಟು ಹಾಕಿಸಲಾ? ಅನುಭವ ಇದ್ದವರು ಹೇಳಿ.

ಸಾಗರದವ: ಸುಮ್ನೆ ಶೀಟು ಹಾಕಿಸಿ. ನಾನು 2021ರಲ್ಲಿ ಹಾಕಿಸಿದೆ. 12 ಸ್ಕ್ವೇರ್ ಮನೆ. ಮಾತಾಡಿದ್ದು 2,10,000. ಹಂಚು ಇಳಿಸಿದ ಮೇಲೆ ಗೋಡೆಯ ತಲೆ ಸಮ ಇಲ್ಲ ಅಂದರು, ಕಾಂಕ್ರೀಟ್ ಪಟ್ಟಿಗೆ 31,000. ನೀರು ಹೋಗುವ ದೋಣಿ ಲೆಕ್ಕದಲ್ಲಿ ಇರಲೇ ಇಲ್ಲವಂತೆ, 14,500. ಸಾಗಾಣಿಕೆ, ಊಟ, ಕಾಫಿ ಅಂತ 19,000. ಒಟ್ಟು 2,74,500. ನಡುವೆ ವೆಲ್ಡರ್ ಹನ್ನೊಂದು ದಿನ ನಾಪತ್ತೆ. ಅಷ್ಟೂ ದಿನ ಟಾರ್ಪಾಲಿನ ಅಡಿಯಲ್ಲಿ ಸಂಸಾರ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಗುಡುಗು ಮಳೆ ಬಂದು ಮೂರು ಹಾಸಿಗೆ ಹೋದವು. ಆದರೆ ಈಗ ಮಂಗನ ಕಾಟದ ಚಿಂತೆ ಇಲ್ಲ. ಮೊದಲು ವರ್ಷಕ್ಕೆ ನೂರು ಹಂಚು ಒಡೆಯುತ್ತಿದ್ದವು. ಈಗ ಮಂಗ ಓಡಾಡಿದರೆ ಸದ್ದು ಜೋರು, ಅಷ್ಟೇ.

ಶಿರಸಿಯ ಅಕ್ಕ: ಅಷ್ಟೇ ಅಲ್ಲ ತಮ್ಮಾ. ಬೇಸಿಗೆ ಮಧ್ಯಾಹ್ನ ಆ ಶೀಟಿನ ಅಡಿ ಕೂತು ಊಟ ಮಾಡಿದ್ದೀರಾ? ಮಳೆ ಬಂದರೆ ಫೋನಲ್ಲಿ ಮಾತು ಕೇಳುತ್ತದಾ? ನಾವು ಹಂಚನ್ನೇ ಉಳಿಸಿಕೊಂಡೆವು. 10 ಸ್ಕ್ವೇರ್, ಸ್ಕ್ವೇರಿಗೆ 150ರಂತೆ 1,500 ಹಂಚು. ಎಲ್ಲ ಇಳಿಸಿ, ಪಾಚಿ ತಿಕ್ಕಿ ತೊಳೆದು, ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು ಬದಲಿಸಿ ಮತ್ತೆ ಹೊದಿಸಿದೆವು. ಇಳಿಸುವಾಗಲೇ 210 ಒಡೆದವು. ಹೊಸ ಹಂಚು ತಂದರೆ ಹಳೆಯದರ ಅಂಚಿನ ತೋಡಿಗೆ ಕೂರುವುದಿಲ್ಲ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ಕೈಯಲ್ಲಿ ಒಂದು ಹಂಚು ಹಿಡಿದು, ಬಿಚ್ಚುವ ಮನೆಗಳನ್ನು ಹುಡುಕಿಕೊಂಡು ಹೋದೆ. ಮೂರನೇ ಕಡೆ ಸಿಕ್ಕಿತು. 18 ರೂಪಾಯಿಯಂತೆ 250 ತಂದೆ, 4,500. ಟೆಂಪೋ 3,800. ನಾಲ್ಕು ಜನ ಆರು ದಿನ, ತಲೆಗೆ 1,100, ಅಂದರೆ 26,400. ರೀಪಿಗೆ 21,000. ಒಟ್ಟು 55,700. ನಿಮ್ಮ ಬಿಲ್ಲಿನ ಪಕ್ಕ ಇಟ್ಟು ನೋಡಿ. ನಮ್ಮದು 1938ರ ಮನೆ, ಹಂಚಿನ ಹಿಂದೆ ಬಾಸೆಲ್ ಮಿಷನ್ ಮುದ್ರೆ ಇದೆ.

ಪುತ್ತೂರಿನವ: ಅಕ್ಕಾ, ಒಂದು ಸಣ್ಣ ಮಾತು. ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ನಿಜ. ಮೊದಲ ಮಹಾಯುದ್ಧ ಮುಗಿದ ಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. 1938ರ ಮನೆಗೆ ಆ ಮುದ್ರೆ ಹೇಗೆ ಬಂತು?

ಶಿರಸಿಯ ಅಕ್ಕ: ಅಜ್ಜನೂ ಬಿಚ್ಚಿದ ಮನೆಯ ಹಂಚೇ ತಂದಿರಬೇಕು. ಜುಗ್ಗತನ ನಮ್ಮ ವಂಶದಲ್ಲೇ ಇದೆ. ಮನೆ ಸೋರುವುದಕ್ಕೂ ಇದಕ್ಕೂ ಏನು ಸಂಬಂಧ?

ಪುತ್ತೂರಿನವ: ಸರಿ, ಬಿಟ್ಟೆ. ಹಂಚೋ ಶೀಟೋ ಅನ್ನುವ ಮೊದಲು ಪಕಾಸು, ಅಂದರೆ ಮಾಡು ಹೊರುವ ಇಳಿಜಾರು ಮರ, ತಟ್ಟಿ ನೋಡಿ. ನಮ್ಮಲ್ಲಿ ಹಂಚು ಗಟ್ಟಿ ಇತ್ತು, ಒಳಗೆ ಗೆದ್ದಲು ಮರವನ್ನು ಟೊಳ್ಳು ಮಾಡಿತ್ತು. ಏಳು ಪಕಾಸು ಬದಲಿಸಿ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆ. ಕೈಗೆ ತಾಗಿ ಚರ್ಮ ಸುಲಿಯಿತು, ವಾಸನೆ ಎರಡು ತಿಂಗಳು. ಇನ್ನೊಂದು, ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾತ್ರ ಮಾಡಿಸಬೇಡಿ. ಮೇಸ್ತ್ರಿ ಮಾತು ಕೇಳಿ 38,000 ಸುರಿದೆ. ತೇವ ಒಳಗೇ ನಿಂತು, ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು.

ಸಾಗರದವ: ಗೇರೆಣ್ಣೆ ಯಾಕೆ? ಗ್ಯಾರೇಜಿನ ಕರಿ ಎಣ್ಣೆ ಪುಕ್ಕಟೆ ಸಿಗುತ್ತದೆ.

ಪುತ್ತೂರಿನವ: ಒಲೆ ಉರಿಯುವ ಮನೆಯ ಮಾಡಿಗೆ ಕರಿ ಎಣ್ಣೆಯಾ? ಕಬ್ಬಿಣದ ಮಾಡು ಹಾಕಿಸಿಕೊಂಡವರು ಮರದ ವಿಷಯಕ್ಕೆ ಬರಬೇಡಿ.

ಸಾಗರದವ: ಮೂವತ್ತು ವರ್ಷ ಮರದ ಮಾಡಿನ ಅಡಿಯಲ್ಲೇ ಮಲಗಿದವ ನಾನು. ಮಧ್ಯರಾತ್ರಿ ಎದ್ದು ಪಾತ್ರೆ ಇಟ್ಟಿದ್ದೇನೆ. ನಿಮ್ಮ ಹತ್ತಿರ ಕಲಿಯಬೇಕಾಗಿಲ್ಲ.

ತೀರ್ಥಹಳ್ಳಿಯಿಂದ: ಎಲ್ಲರಿಗೂ ಥ್ಯಾಂಕ್ಸ್. ನನ್ನ ದೋಣಿಯ ವಿಷಯ ಯಾರೂ ಹೇಳಲಿಲ್ಲ. ನಿನ್ನೆ ಏಣಿ ಹಾಕಿ ನಾನೇ ಹತ್ತಿದೆ. ತುಂಬಾ ಹಲಸಿನ ಎಲೆ, ಅಡಿಯಲ್ಲಿ ತುಕ್ಕು ಹಿಡಿದ ತಗಡು, ಮೂರು ತೂತು. ಇಳಿಯುವಾಗ ನನ್ನ ಕಾಲಿಗೆ ಸಿಕ್ಕಿ ಐದು ಹಂಚು ಒಡೆದವು.

ಶಿರಸಿಯ ಅಕ್ಕ: ದೋಣಿಯ ತಗಡು ಬದಲಿಸಿ, ಮುಗಿಯಿತು. ಇನ್ನು ಹತ್ತುವಾಗ ಹಂಚಿನ ಮೇಲೆ ಹಲಗೆ ಹಾಕಿಕೊಳ್ಳಿ. ಸಾಗರದವರೇ, ನೀವು ಇಳಿಸಿದ ಹಂಚು ಏನಾಯಿತು? ಇವರಿಗೆ ಐದು ಕೊಡಬಹುದಲ್ವಾ? ನನಗೂ ಐವತ್ತು ಬೇಕಿತ್ತು.

ಸಾಗರದವ: ಕೊಟ್ಟಿಗೆ ಹಿಂದೆ 1,400 ಪೇರಿಸಿಟ್ಟಿದ್ದೇನೆ. ಮಾರುವುದಿಲ್ಲ.

ಶಿರಸಿಯ ಅಕ್ಕ: ಶೀಟು ಅಷ್ಟು ಚೆನ್ನಾಗಿದ್ದರೆ ಹಂಚು ಯಾಕೆ ಇಟ್ಟುಕೊಂಡಿದ್ದೀರಿ?

ಸಾಗರದವ: ಅಪ್ಪ ಮುಟ್ಟಲು ಬಿಡುವುದಿಲ್ಲ. ಪ್ರತಿ ಬೇಸಿಗೆ ಒಂದು ಸಲ ಎಣಿಸುತ್ತಾರೆ.