ಮಾಹಿತಿ ಹಕ್ಕು ಅರ್ಜಿಗೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬಂದಿದೆ: ಮುಂದೇನು ಮಾಡಬೇಕು?

ಪ್ರಶ್ನೆ: ಉಡುಪಿ ಜಿಲ್ಲೆಯ ನಿವಾಸಿ

ಕಳೆದ ಬೇಸಗೆಯಲ್ಲಿ ನಮ್ಮ ಊರಿನ ಒಳರಸ್ತೆಗೆ ಕಾಂಕ್ರೀಟು ಹಾಕಿ, ಪಕ್ಕದ ತೋಡಿಗೆ ತಡೆಗೋಡೆ ಕಟ್ಟಿದ್ದರು. ಮಳೆಗಾಲದ ಆಟಿ ತಿಂಗಳು ಮುಗಿಯುವ ಮೊದಲೇ ಗೋಡೆ ಕುಸಿದು, ತೋಡಿನ ನೀರು ಮನೆಗಳ ಅಂಗಳಕ್ಕೆ ನುಗ್ಗಿತು. ಕಾಮಗಾರಿ ಕಳಪೆಯಾದದ್ದೇಕೆ, ಹೊಣೆ ಯಾರು, ದುರಸ್ತಿ ಯಾವಾಗ ಎಂದು ಸ್ಥಳೀಯ ಸಂಸ್ಥೆಗೆ ಮಾಹಿತಿ ಹಕ್ಕು ಅರ್ಜಿ ಸಲ್ಲಿಸಿದೆ. ರಾಷ್ಟ್ರೀಯ ಹೆದ್ದಾರಿ 66ರ ಚರಂಡಿ ನೀರನ್ನು ಅದೇ ತೋಡಿಗೆ ಬಿಟ್ಟಿರುವುದು ಯಾರ ಅನುಮತಿಯಿಂದ ಎಂಬ ಪ್ರಶ್ನೆಯನ್ನೂ ಅದರಲ್ಲೇ ಸೇರಿಸಿದ್ದೆ. ‘ತಾವು ಕೇಳಿರುವುದು ಕಾಯ್ದೆಯ ಪ್ರಕಾರ ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಎರಡು ಸಾಲಿನ ಹಿಂಬರಹ ಬಂದಿದೆ. ಸಾರ್ವಜನಿಕ ಹಣದಿಂದ ಕಟ್ಟಿದ ಗೋಡೆಯ ಬಗ್ಗೆ ಕೇಳಿದ್ದು ಮಾಹಿತಿಯಲ್ಲವೆಂದರೆ ಮತ್ತೆ ಯಾವುದು ಮಾಹಿತಿ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಮಂಗಳೂರಿನಿಂದ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಹಿಂಬರಹಕ್ಕೆ ಕಾನೂನಿನ ಆಧಾರವಿದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಹೆಜ್ಜೆ ಸುಲಭವಾಗುತ್ತದೆ. 2005ರ ಕಾಯ್ದೆಯ 2(ಎಫ್) ಕಲಮಿನ ಪ್ರಕಾರ ಮಾಹಿತಿ ಎಂದರೆ ದಾಖಲೆ, ಆದೇಶ, ಟಿಪ್ಪಣಿ, ವರದಿ, ಕರಾರು, ಮಾದರಿ ಮುಂತಾಗಿ ಈಗಾಗಲೇ ಯಾವುದಾದರೂ ರೂಪದಲ್ಲಿ ಇರುವ ವಸ್ತು. ಕಡತದಲ್ಲಿ ಇಲ್ಲದ ಅಭಿಪ್ರಾಯವನ್ನಾಗಲಿ ವಿವರಣೆಯನ್ನಾಗಲಿ ಅಧಿಕಾರಿ ಹೊಸದಾಗಿ ಬರೆದುಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ‘ಏಕೆ ಕಳಪೆಯಾಯಿತು’ ಎಂಬ ಪ್ರಶ್ನೆಗೆ ಉತ್ತರ ಯಾವ ಕಡತದಲ್ಲೂ ಇರುವುದಿಲ್ಲ. ಆ ಉತ್ತರವನ್ನು ನಾವೇ ಕಂಡುಕೊಳ್ಳಲು ಬೇಕಾದ ಕಾಗದಗಳೆಲ್ಲ ಮಾತ್ರ ಅಲ್ಲಿರುತ್ತವೆ.

ಆದುದರಿಂದ ಮೇಲ್ಮನವಿಯಲ್ಲಿ ಹಳೆಯ ಪ್ರಶ್ನೆಗಳಿಗಾಗಿಯೇ ಜಗ್ಗಾಡುವುದಕ್ಕಿಂತ ಹೊಸ ಅರ್ಜಿ ಹಾಕುವುದು ಮೇಲು ಎಂದು ನನ್ನ ಅಭಿಪ್ರಾಯ. ಕಾಮಗಾರಿಯ ಹೆಸರು, ಸ್ಥಳ ಮತ್ತು ಆರ್ಥಿಕ ವರ್ಷವನ್ನು ಸ್ಪಷ್ಟವಾಗಿ ಬರೆದು, ಹೀಗೆ ಕೇಳಬಹುದು: ‘ಈ ಕಾಮಗಾರಿಯ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಗುತ್ತಿಗೆ ಕರಾರು, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಪಾವತಿಸಿದ ಬಿಲ್ಲುಗಳು ಹಾಗೂ ಪೂರ್ಣಗೊಂಡ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒದಗಿಸುವುದು.’ ‘ಹೊಣೆ ಯಾರು’ ಎಂದು ಪ್ರತ್ಯೇಕವಾಗಿ ಕೇಳುವ ಅಗತ್ಯವೇ ಇಲ್ಲ, ಏಕೆಂದರೆ ಅಳತೆ ಬರೆದವರ, ಅದನ್ನು ಪರಿಶೀಲಿಸಿದವರ ಮತ್ತು ಬಿಲ್ಲಿಗೆ ಒಪ್ಪಿಗೆ ಕೊಟ್ಟವರ ಸಹಿಗಳು ಆ ಪುಟಗಳಲ್ಲಿಯೇ ಇರುತ್ತವೆ. ‘ದುರಸ್ತಿ ಯಾವಾಗ’ ಎಂಬುದಕ್ಕೆ ಕರಾರಿನಲ್ಲಿರುವ ದೋಷ ಹೊಣೆಗಾರಿಕೆಯ ಅವಧಿಯನ್ನು ನೋಡಿ. ಆ ಅವಧಿ ಮುಗಿದಿಲ್ಲವಾದರೆ ಗುತ್ತಿಗೆದಾರರು ಸ್ವಂತ ಖರ್ಚಿನಿಂದ ಗೋಡೆಯನ್ನು ಸರಿಪಡಿಸಬೇಕೆಂದು ಒತ್ತಾಯಿಸಲು ನಿಮ್ಮ ಕೈಯಲ್ಲಿ ಗಟ್ಟಿ ದಾಖಲೆ ಇದ್ದಂತಾಗುತ್ತದೆ.

ಅರ್ಜಿ ಶುಲ್ಕ 10 ರೂಪಾಯಿ, ಪ್ರತಿಗೆ ಪುಟವೊಂದಕ್ಕೆ 2 ರೂಪಾಯಿ. ಮಾಹಿತಿ ಏಕೆ ಬೇಕೆಂದು ಕಾರಣ ಕೇಳಿದರೆ ಹೇಳಬೇಕಾಗಿಲ್ಲ; 6(2) ಕಲಮು ಅದನ್ನು ನೇರವಾಗಿಯೇ ಹೇಳುತ್ತದೆ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿರಿ.

ಉತ್ತರ 2: ಮಣಿಪಾಲದಿಂದ

ಹೆದ್ದಾರಿಯ ಪ್ರಶ್ನೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬೇರೆ ಪ್ರಾಧಿಕಾರದ ಬಳಿ ಇರುವ ವಿಷಯವನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕೆಂದು 6(3) ಕಲಮು ಹೇಳುತ್ತದೆ ನಿಜ. ಆದರೆ ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ ಎಂಬ ಕಟ್ಟುಪಾಡನ್ನು 2008ರಲ್ಲಿ ತಂದಿದ್ದಾರೆ. ವಿಷಯ ಒಂದಕ್ಕಿಂತ ಹೆಚ್ಚಿದ್ದರೆ ಮೊದಲನೆಯದಕ್ಕಷ್ಟೇ ಉತ್ತರಿಸಿ, ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಎನ್ನಲು ಅಧಿಕಾರಿಗೆ ಅವಕಾಶವಿದೆ. ಜನಸಾಮಾನ್ಯರ ಪಾಲಿಗೆ ಇದು ಅನಗತ್ಯವಾದ ಬೇಲಿ ಎಂದೇ ನಾನು ಭಾವಿಸುತ್ತೇನೆ. ಆದರೂ ನಿಯಮ ಇರುವವರೆಗೆ ಅದಕ್ಕೆ ತಕ್ಕಂತೆ ಬರೆಯುವುದೇ ಕ್ಷೇಮ.

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಕೇಂದ್ರ ಸರ್ಕಾರದ ಅಡಿಯಲ್ಲಿರುವ ಸಂಸ್ಥೆ. ನವಮಂಗಳೂರು ಬಂದರು, ಸುರತ್ಕಲ್ಲಿನ ಎನ್‌ಐಟಿಕೆಗಳೂ ಹಾಗೆಯೇ. ಇಂಥವುಗಳಿಗೆ ಕೇಂದ್ರದ ಆನ್‌ಲೈನ್ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಕೇಂದ್ರದ ನಿಯಮಗಳಲ್ಲಿ ಪದಮಿತಿ ಸಾಮಾನ್ಯವಾಗಿ 500. ರಾಜ್ಯದ ಕಚೇರಿಗಳಿಗೆ ಕರ್ನಾಟಕದ್ದೇ ಬೇರೆ ಪೋರ್ಟಲ್ ಇದೆ. ಎರಡನೇ ಮೇಲ್ಮನವಿಯ ದಾರಿಯೂ ಬೇರೆ: ರಾಜ್ಯದ ಕಚೇರಿಯಾದರೆ ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗ, ಕೇಂದ್ರದ್ದಾದರೆ ದೆಹಲಿಯ ಕೇಂದ್ರ ಮಾಹಿತಿ ಆಯೋಗ. ಕೇಂದ್ರದ ಕಚೇರಿಗೆ ಇಂಗ್ಲಿಷಿನಲ್ಲೇ ಬರೆಯಬೇಕೆಂದು ಹೆದರುವುದು ಬೇಡ. ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದೆಂದು 6(1) ಕಲಮಿನಲ್ಲಿಯೇ ಇದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂಶಯ. ‘ದಾಖಲೆಗಳು ಬಹಳ ಇವೆ, ಪ್ರತಿ ಕೊಡಲು ಸಿಬ್ಬಂದಿ ಇಲ್ಲ’ ಎಂದರೆ ಏನು ಮಾಡುವುದು? ಗುತ್ತಿಗೆದಾರರ ಹೆಸರು ವೈಯಕ್ತಿಕ ಮಾಹಿತಿ ಎಂದು ಹೇಳುವ ಸಾಧ್ಯತೆಯೂ ಇದೆಯೆಂದು ಪರಿಚಯದವರೊಬ್ಬರು ಹೇಳಿದರು.

ಉತ್ತರ 3: ಕುಂದಾಪುರದಿಂದ

ಸಿಬ್ಬಂದಿಯ ಕೊರತೆ ನಿರಾಕರಣೆಗೆ ಕಾರಣವಾಗುವುದಿಲ್ಲ. 7(9) ಕಲಮಿನ ಪ್ರಕಾರ, ಕೇಳಿದ ರೂಪದಲ್ಲಿ ಕೊಡುವುದು ಕಚೇರಿಗೆ ವಿಪರೀತ ಹೊರೆಯಾದರೆ ರೂಪವನ್ನು ಬದಲಿಸಬಹುದೇ ಹೊರತು ಮಾಹಿತಿಯನ್ನೇ ತಡೆಯುವಂತಿಲ್ಲ. ಹಾಗೆ ಹೇಳಿದರೆ ಕಡತ ಪರಿಶೀಲನೆಗೆ ದಿನ ಗೊತ್ತುಮಾಡಿ ಎಂದು ಬರೆಯಿರಿ. ನನ್ನನ್ನು ಕೇಳಿದರೆ ಮೊದಲೇ ಪರಿಶೀಲನೆ ಕೇಳುವುದು ಒಳ್ಳೆಯದು, ಏಕೆಂದರೆ ಇಡೀ ಕಡತವನ್ನು ಕಣ್ಣಾರೆ ನೋಡಿದಾಗ ನಮಗೆ ಹೆಸರೇ ಗೊತ್ತಿಲ್ಲದ ಟಿಪ್ಪಣಿಗಳೂ ಪತ್ರವ್ಯವಹಾರವೂ ಸಿಗುತ್ತವೆ. ಪ್ರತಿಯ ಶುಲ್ಕವನ್ನು ಬೇಕಾದ ಪುಟಗಳಿಗಷ್ಟೇ ಕಟ್ಟಿದರೆ ಸಾಕು.

2(ಜೆ) ಕಲಮು ಇನ್ನೂ ಮುಂದೆ ಹೋಗುತ್ತದೆ. ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕು ಅದರಲ್ಲಿದೆ. ಕುಸಿದ ಗೋಡೆಯ ಕಾಂಕ್ರೀಟಿನ ಮಾದರಿಯನ್ನು ನೀವು ಈ ಕಲಮಿನಡಿ ಕೇಳಬಹುದು. ಹಳ್ಳಿಯ ರಸ್ತೆ, ಚರಂಡಿ, ಕಿಂಡಿ ಅಣೆಕಟ್ಟುಗಳ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಅಂಶ ಕಾಯ್ದೆಯಲ್ಲಿ ಇನ್ನೊಂದಿಲ್ಲ. ಆದರೂ ಇದನ್ನು ಬಳಸುವವರು ಕಡಿಮೆ ಎಂಬುದು ನನಗೆ ನೋವಿನ ಸಂಗತಿ.

ವೈಯಕ್ತಿಕ ಮಾಹಿತಿಯ 8(1)(ಜೆ) ಕಲಮನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮೊದಲಿಗಿಂತ ಬಿಗಿಗೊಳಿಸಿದೆ. ಆದರೆ ಸಾರ್ವಜನಿಕ ಹಿತಾಸಕ್ತಿ ಹೆಚ್ಚಿನದಾದರೆ ಮಾಹಿತಿ ಕೊಡಬಹುದೆನ್ನುವ 8(2) ಕಲಮು ಹಾಗೆಯೇ ಇದೆ. ಯಾವುದೋ ವಿವರ ನಿಜವಾಗಿ ಖಾಸಗಿಯಾಗಿದ್ದರೂ 10ನೇ ಕಲಮಿನಂತೆ ಅಷ್ಟನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು. ಕಾಮಗಾರಿಗೆ ಆನ್‌ಲೈನ್ ಟೆಂಡರ್ ಆಗಿದ್ದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲಿನಲ್ಲಿಯೂ ಒಮ್ಮೆ ಹುಡುಕಿ ನೋಡಿ.

ಉತ್ತರ 1 ಬರೆದವರು ಮತ್ತೆ

ಗಡುವಿನ ಲೆಕ್ಕವನ್ನು ಬರೆದಿಡುತ್ತೇನೆ. ಅರ್ಜಿ ತಲುಪಿದ 30 ದಿನಗಳಲ್ಲಿ ಉತ್ತರ ಬರಬೇಕು; ಪ್ರತಿಯ ಶುಲ್ಕ ಕಟ್ಟಿ ಎಂದು ಪತ್ರ ಬಂದರೆ, ಆ ಪತ್ರ ಕಳುಹಿಸಿದ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ಅವಧಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಮುಂದಿನ 30 ದಿನಗಳಲ್ಲಿ ಅದೇ ಕಚೇರಿಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ, ಅಲ್ಲಿಂದ 90 ದಿನಗಳಲ್ಲಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ 7(6) ಕಲಮಿನಂತೆ ಶುಲ್ಕ ಕೇಳುವಂತಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಸಿಟ್ಟಿನಲ್ಲಿ ಕೆಲವರು ಮೇಲ್ಮನವಿಯನ್ನು ಬಿಟ್ಟು, 18ನೇ ಕಲಮಿನಡಿ ನೇರವಾಗಿ ಆಯೋಗಕ್ಕೆ ದೂರು ಕೊಡುತ್ತಾರೆ. ಆ ದೂರಿನಿಂದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಬೀಳಬಹುದು. ಆದರೆ ಮಾಹಿತಿಯನ್ನು ಕೊಡಿಸುವ ಆದೇಶ 19ನೇ ಕಲಮಿನ ಮೇಲ್ಮನವಿಯಲ್ಲಿ ಮಾತ್ರ ಸಾಧ್ಯವೆಂದು ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2011ರಲ್ಲೇ ತೀರ್ಪಿತ್ತಿದೆ. ನಿಮಗೆ ಬೇಕಾಗಿರುವುದು ಅಳತೆ ಪುಸ್ತಕದ ಪುಟಗಳು. ಹಾಗಾಗಿ 19ನೇ ಕಲಮಿನ ದಾರಿಯನ್ನೇ ಹಿಡಿಯಿರಿ.