ಸಹಾಯ ಬೇಕು: ಮಸಾಯಿ ಮಾರಾಗೆ 200–600 ಎಂಎಂ ಲೆನ್ಸ್ ಒಯ್ಯೋದಾ, 100–400 ಸಾಕಾ?

ಸೆಪ್ಟೆಂಬರ್‌ನಲ್ಲಿ ಕೀನ್ಯಾದ ಮಸಾಯಿ ಮಾರಾದಲ್ಲಿ ವನ್ಯಜೀವಿ ಸಫಾರಿ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನ. ಬಟ್ಟೆ, ಕ್ಯಾಮೆರಾ ಎಲ್ಲ ಸೇರಿ 15 ಕೆಜಿ, ಅದೂ ಮೆತ್ತನೆ ಬ್ಯಾಗ್‌ನಲ್ಲೇ. ತಲೆನೋವು ಅಲ್ಲೇ.

ಇರೋ ಕ್ಯಾಮೆರಾ ಸೋನಿ ಎ7 ಫೋರ್ ಮತ್ತು ಚಿಕ್ಕ ಸೆನ್ಸರ್‌ನ ಎ6700. ಧೂಳಿನಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಚುಕ್ಕೆ ಗ್ಯಾರಂಟಿ, ಹಾಗಾಗಿ ಎರಡೂ ಕ್ಯಾಮೆರಾಗೆ ಒಂದೊಂದು ಲೆನ್ಸ್ ಕಚ್ಚಿಸಿಯೇ ಇಡುತ್ತೇನೆ. ಎ7ಗೆ 200–600, ಎ6700ಗೆ 24–105. ಚಿಕ್ಕ ಸೆನ್ಸರ್‌ನ ಕ್ರಾಪ್‌ನಿಂದ (ಚಿತ್ರ 1.5 ಪಟ್ಟು ಹತ್ತಿರ ಕಾಣುತ್ತೆ) 105 ಸುಮಾರು 158ರಷ್ಟಾಗುತ್ತೆ, ನಡುವಿನ ಅಂತರ ದೊಡ್ಡದಲ್ಲ.

ಆದರೆ 200–600 ಒಂದೇ 2.1 ಕೆಜಿ. 100–400 ಜಿಎಂ ಲೆನ್ಸ್ 1.4 ಕೆಜಿ, ಎ6700ಗೆ ಹಾಕಿದರೆ 600ರಷ್ಟೇ ದೂರ ಸಿಗುತ್ತೆ. ಬೆಳಗಿನ ಜಾವದ ಮಂದ ಬೆಳಕಲ್ಲಿ ಚಿಕ್ಕ ಸೆನ್ಸರ್‌ನ ನಾಯ್ಸ್ (ಚಿತ್ರದಲ್ಲಿನ ಕಾಳು ಕಾಳು) ಎಷ್ಟು ಕಾಡುತ್ತೆ? ಬಳಸಿದವರು ಹೇಳಿ. ಲೆನ್ಸ್‌ನ ದೂರ ಹೆಚ್ಚಿಸೋ 1.4ಎಕ್ಸ್ ಕನ್ವರ್ಟರ್ ಬೇಡ. 200–600ಗೆ ಎಫ್9 ಆಗುತ್ತೆ, ಅಂದರೆ ಒಳಬರೋ ಬೆಳಕು ಕಡಿಮೆ; ಮಧ್ಯಾಹ್ನದ ಬಿಸಿಗಾಳಿ ಅಲೆಯಲ್ಲಿ ಹೇಗೂ ಶಾರ್ಪ್ ಬರಲ್ಲ.

ಇನ್ನೊಂದು: ಲೆನ್ಸ್ ಊರೋಕೆ ಬೀನ್ ಬ್ಯಾಗ್ ಖಾಲಿ ಒಯ್ದು ಅಲ್ಲೇ ಅಕ್ಕಿ ತುಂಬಿಸಬಹುದು. ಆದರೆ ಪಕ್ಕ ಪೂರ್ತಿ ತೆರೆದ ಲ್ಯಾಂಡ್ ಕ್ರೂಸರ್‌ನಲ್ಲಿ ಅದನ್ನು ಇಡೋದೆಲ್ಲಿ? ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ವಾಸಿನಾ?