ಪದೇ ಪದೇ ಸೀನು: ಇಎನ್‌ಟಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಡಾಕ್ಟರ್ ಬಂದಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಸೀನಪ್ಪ: ನಮಸ್ಕಾರ ಸರ್. ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು, ಮೂಗು-ಕಣ್ಣು ತುರಿಕೆ. ಆಮೇಲೆ ತಾನಾಗಿಯೇ ನಿಲ್ಲುತ್ತದೆ.

ಡಾಕ್ಟರ್: ನಮಸ್ಕಾರ. ಅಲರ್ಜಿ ಇರಬಹುದು. ಹಾಸಿಗೆ, ದಿಂಬಿನಲ್ಲಿರುವ ಧೂಳುಹುಳದ ಮೇಲೆ ನನಗೆ ಮೊದಲ ಅನುಮಾನ. ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಆದರೂ ಬಗ್ಗದಿದ್ದರೆ ಡಾಕ್ಟರಿಗೆ ತೋರಿಸಿ, ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬೇಕಾಗಬಹುದು.

ಮನೆಮದ್ದು ಪ್ರಿಯ: ಸ್ಟೀರಾಯ್ಡಾ? ಮೂಳೆ ಸವೆಯುತ್ತದೆ! ಬೆಳ್ಳುಳ್ಳಿ ಎಸಳು ಮೂಗಿಗೆ ಇಟ್ಟುಕೊಳ್ಳಿ, ಕೆಟ್ಟದ್ದೆಲ್ಲಾ ಸುರಿದುಹೋಗುತ್ತದೆ.

ಡಾಕ್ಟರ್: ಇಡಬೇಡಿ. ಸುರಿಯುವುದು ಉರಿಗೆ ಬರುವ ನೀರು, ಕೆಟ್ಟದ್ದಲ್ಲ. ಸ್ಪ್ರೇಯಲ್ಲಿ ಔಷಧಿ ತೀರಾ ಕಡಿಮೆ, ಕೆಲಸ ಮೂಗಿನಲ್ಲೇ. ಒಂದೇ ದಿನಕ್ಕೆ ಗುಣ ಕಾಣುವುದಿಲ್ಲ, ಪೂರ್ತಿ ಹಿಡಿತ ಬರಲು ಎರಡು ವಾರವೂ ಆಗಬಹುದು.

ರಾತ್ರಿಪಾಳಿ: ಮೂಗು ಬಿಡಿಸುವ ಕ್ಸೈಲೋಮೆಟಾಜೊಲಿನ್ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕುತ್ತಿದ್ದೇನೆ. ಬಿಟ್ಟರೆ ಕಟ್ಟಿಕೊಳ್ಳುತ್ತದೆ.

ಡಾಕ್ಟರ್: ಕಟ್ಟುತ್ತಿರುವುದೇ ಅದರಿಂದ. ಐದು ದಿನ ಮೀರಬಾರದು. ಡಾಕ್ಟರಿಗೆ ತೋರಿಸಿ, ಡ್ರಾಪ್ಸ್ ನಿಲ್ಲಿಸಿ.

ಬಿಸಿಲುಗಣ್ಣು: ಬಿಸಿಲಿಗೆ ಬಂದ ತಕ್ಷಣ ಸೀನು ಬರುತ್ತದೆ. ಯಾಕೆ?

ಬೈಕ್ ಸವಾರ: ಸೀನಿದಾಗ, ಬಗ್ಗಿದಾಗ ಬಲಹೊಳ್ಳೆಯಿಂದ ಮಾತ್ರ ತೊಟತೊಟ ನೀರು. ನೆಗಡಿ ಮಾತ್ರೆಗೆ ನಿಲ್ಲುತ್ತಿಲ್ಲ.

ಡಾಕ್ಟರ್: ತಲೆಗೆ ಏಟು ಬಿದ್ದಿತ್ತಾ? ನೀರು ಉಪ್ಪುಪ್ಪಾ?

ಬೈಕ್ ಸವಾರ: ಹೌದು, ಉಪ್ಪುಪ್ಪು. ಹೋದ ತಿಂಗಳು ಗಾಡಿಯಿಂದ ಬಿದ್ದಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಡಾಕ್ಟರ್: ಸಂಬಂಧ ಇರಬಹುದು. ಅಲರ್ಜಿಯಾದರೆ ಸಾಮಾನ್ಯವಾಗಿ ಎರಡೂ ಕಡೆ ಸುರಿಯುತ್ತದೆ, ತುರಿಕೆಯೂ ಇರುತ್ತದೆ. ಮೂಗಿಗೂ ಮೆದುಳಿಗೂ ನಡುವೆ ಇರುವುದು ತೆಳ್ಳನೆಯ ಮೂಳೆ. ಏಟಿಗೆ ಅದು ಬಿರುಕು ಬಿಟ್ಟರೆ ಮೆದುಳಿನ ಸುತ್ತಲಿನ ದ್ರವ ಮೂಗಿಗೆ ಇಳಿಯುತ್ತದೆ. ನಿಮಗೆ ಹಾಗೇ ಆಗಿದೆ ಎನ್ನುತ್ತಿಲ್ಲ, ಆದರೆ ನೋಡದೆ ಬಿಡುವಂತಿಲ್ಲ. ದ್ರವ ಇಳಿಯುವ ದಾರಿಯಲ್ಲೇ ಸೋಂಕು ಮೇಲೆ ಹತ್ತಿ ಮೆದುಳಿನ ಪೊರೆಗೆ ತಗುಲಬಹುದು. ಇವತ್ತೇ ಆಸ್ಪತ್ರೆಗೆ ಹೋಗಿ. ಆ ನೀರನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದು, ಅದು ಮೆದುಳಿನ ದ್ರವವೇ ಎಂದು ತಿಳಿಯಲು ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆ ಮಾಡುತ್ತಾರೆ, ಸ್ಕ್ಯಾನ್ ಕೂಡ ಬೇಕಾಗಬಹುದು. ಅಲ್ಲಿಯವರೆಗೆ ಜೋರಾಗಿ ಸಿಂಬಳ ಸೀಟಬೇಡಿ, ಭಾರ ಎತ್ತಬೇಡಿ. ಸೀನು ಬಂದರೆ ತಡೆಯಬೇಡಿ, ಬಾಯಿ ತೆರೆದು ಸೀನಿ. ಜ್ವರ, ತಲೆನೋವು, ಕತ್ತು ಬಿಗಿತ ಇದ್ದರೆ ನೇರ ಎಮರ್ಜೆನ್ಸಿಗೆ.

ಮನೆಮದ್ದು ಪ್ರಿಯ: ಸುಮ್ನೆ ಹೆದರಿಸುತ್ತೀರಿ. ಸಾಸಿವೆ ಎಣ್ಣೆ ಬಿಟ್ಟರೆ ಸಾಕು.

ಡಾಕ್ಟರ್: ಇವರ ಮೂಗಿಗೆ ಏನನ್ನೂ ಬಿಡುವಂತಿಲ್ಲ. ದಯವಿಟ್ಟು ಸುಮ್ಮನಿರಿ.

ಬೆಕ್ಕಿನಮ್ಮ: ನಮ್ಮ ಮನೆಯವರಿಗೆ ಸೀನು. ಬೆಕ್ಕಿನ ಕೂದಲು ಬೋಳಿಸಿದರೆ ಸಾಕಾ?

ಸೀನಪ್ಪ: ಬೆಕ್ಕು ಬಿಟ್ಟುಬನ್ನಿ.

ಬೆಕ್ಕಿನಮ್ಮ: ನಿಮ್ಮನ್ನು ಕೇಳಲಿಲ್ಲ.

ಸೀನಪ್ಪ: ಗಂಡನಿಗಿಂತ ಬೆಕ್ಕು ಹೆಚ್ಚಾಯಿತಾ?

ಬೆಕ್ಕಿನಮ್ಮ: ಮೊದಲು ನಿಮ್ಮ ದಿಂಬು ಒಗೆಯಿರಿ!

ಡಾಕ್ಟರ್: ಅಲರ್ಜಿ ತರುವುದು ಬೆಕ್ಕಿನ ಎಂಜಲು, ಚರ್ಮದ ಹೊಟ್ಟು. ಬೋಳಿಸಿ ಲಾಭವಿಲ್ಲ. ಬೆಕ್ಕು ಹೋದ ಮೇಲೂ ಅದು ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಲಗುವ ಕೋಣೆಗೆ ಬಿಡಬೇಡಿ.

ಬಿಸಿಲುಗಣ್ಣು: ಸರ್, ನನ್ನ ಪ್ರಶ್ನೆ?

ಹೊಸ ಸದಸ್ಯ: ಬೆಳಿಗ್ಗೆ ಸೀನು, ಏನು ಮಾಡಲಿ?

ಡಾಕ್ಟರ್: ಮೇಲೆ ಓದಿ.

ಹೊಸ ಸದಸ್ಯ: ನಲ್ಲಿ ನೀರಿಗೆ ಉಪ್ಪು ಹಾಕಿ ಮೂಗು ತೊಳೆಯಬಹುದಾ?

ಡಾಕ್ಟರ್: ನಲ್ಲಿ ನೀರು ನೇರವಾಗಿ ಬೇಡ. ಕುದಿಸಿ ಆರಿಸಿ. ಅಪರೂಪಕ್ಕೆ ಆ ನೀರಿನ ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಿ ಜೀವ ತೆಗೆದಿದೆ.

ಮನೆಮದ್ದು ಪ್ರಿಯ: ಎಲ್ಲದಕ್ಕೂ ಮೆದುಳು!

ಅಡ್ಮಿನ್: ಇನ್ನೊಂದು ಮಾತಾಡಿದರೆ ತೆಗೆಯುತ್ತೇನೆ.

ಡಾಕ್ಟರ್: ಬೈಕ್ ಸವಾರ, ಹೊರಟಿರಾ?

ಬೈಕ್ ಸವಾರ: ಹೊರಡುತ್ತಿದ್ದೇನೆ ಸರ್, ಗಾಡಿ ತೆಗೆಯುತ್ತಿದ್ದೇನೆ.

ಡಾಕ್ಟರ್: ನೀವು ಓಡಿಸಬೇಡಿ. ಯಾರನ್ನಾದರೂ ಕರೆದುಕೊಂಡು ಹೋಗಿ.